ತಾತನ ಟವೆಲ್

ಎರಡನೇ ಸಲ ಸೋಪಿನ ಪುಡಿ ಹಾಕಿದರೂ ಬಕೆಟ್ಟಿನ ನೀರು ಮತ್ತೆ ಕಂದು ಬಣ್ಣಕ್ಕೇ ತಿರುಗಿತು.

"ಅಬ್ಬಬ್ಬಾ ತಾತ! ಎಷ್ಟು ವರ್ಷದ ಕೊಳೆ ಇದು?" ಎನ್ನುತ್ತ ಹುಡುಗಿ ಟವೆಲ್ಲನ್ನು ಇನ್ನಷ್ಟು ತಿಕ್ಕಿದಳು.

ಅವಳಿಗೆ 'ಗಡಿಬಿಡಿ' ಎಂದು ಹೆಸರಿಟ್ಟವರು ತಾತನೇ. ಹಾಲು ಕುಡಿಯುವಾಗಲೂ ಒಂದು ಕಾಲು ಬಾಗಿಲಾಚೆ ಇಟ್ಟಿರುವವಳಿಗೆ ಇನ್ನೇನು ಹೆಸರಿಡೋದು, ಎನ್ನುತ್ತಿದ್ದರು. ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದ ತಾತ ತೀರಿಕೊಂಡು ಮೂರು ತಿಂಗಳಾಗಿತ್ತು. ಈಗ ಹಾಗೆ ಕರೆಯುವವಳು ತಾತನ ಮಗಳು, ಅತ್ತೆಯೊಬ್ಬಳೇ.

ಅತ್ತೆ ಪುಸ್ತಕ ಮಾಡುವವಳು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹುಲ್ಲು ಬೇಯಿಸಿ, ಅರೆದು, ಜರಡಿಯಲ್ಲಿ ಎತ್ತಿ ಕಾಗದ ಮಾಡುತ್ತಾಳೆ. ಹೊಲದ ಮಣ್ಣು ತಂದು ಬಣ್ಣ ಕಲಸುತ್ತಾಳೆ. ಒಂದು ಪುಸ್ತಕ ಮಾಡಿದರೆ ಅಂಥದ್ದು ಇನ್ನೊಂದಿಲ್ಲ. ಈ ಸಲದ್ದು ತಾತನ ಪುಸ್ತಕ. ಒಂದು ಪುಟದಲ್ಲಿ ಕುರಿಯ ಉಣ್ಣೆ ಹೊಲಿದಿದ್ದಾಳೆ, ಇನ್ನೊಂದರಲ್ಲಿ ಅವರು ದಿನವೂ ನಡೆಯುತ್ತಿದ್ದ ದಾರಿಯ ಚಿತ್ರ ಬರೆದಿದ್ದಾಳೆ.

"ಒಂದೇ ಯಾಕತ್ತೆ? ಜೆರಾಕ್ಸ್ ಮಾಡಿಸಿದ್ರೆ ನಂಗೂ ಒಂದಾಗುತ್ತೆ," ಎಂದು ಗಡಿಬಿಡಿ ಕೇಳಿದ್ದಳು.

"ಕುರಿ ಉಣ್ಣೆ ಜೆರಾಕ್ಸ್ ಆಗುತ್ತೇನೆ?" ಎಂದು ಅತ್ತೆ ನಕ್ಕಿದ್ದಳು. ತಾತ ಹೋದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ನಿನ್ನೆ ಈ ಟವೆಲ್ ತೋರಿಸಿ, "ನಾಳೆ ಇದನ್ನ ರಟ್ಟಿಗೆ ಹೊದಿಸಿಬಿಟ್ರೆ ಪುಸ್ತಕ ಮುಗೀತು," ಎಂದಿದ್ದಳು. ಇಷ್ಟು ಕೊಳಕು ಬಟ್ಟೆಯನ್ನು ಯಾರಾದರೂ ರಟ್ಟಿಗೆ ಹಾಕುತ್ತಾರೆಯೇ? ನೋಟ್‌ಬುಕ್ಕಿನ ಮೇಲೆ ಒಂದು ಎಣ್ಣೆ ಕಲೆ ಕಂಡರೂ ಟೀಚರ್ ಹುಬ್ಬು ಗಂಟಿಕ್ಕುತ್ತಾರೆ. ಪಾಪ, ಅತ್ತೆಗೆ ಒಗೆಯಲು ಪುರುಸೊತ್ತಿಲ್ಲ. ತನ್ನ ಕೋಣೆಯ ಮೂಲೆಯಲ್ಲಿರುವ ತಾತನ ಚಪ್ಪಲಿಗಳ ಕೆಸರನ್ನೂ ಅವಳು ಒರೆಸಿಲ್ಲ. ಅತ್ತೆ ದಾರ ತರಲು ಅಂಗಡಿಗೆ ಹೋದದ್ದೇ ತಡ, ಗಡಿಬಿಡಿ ಕೆಲಸಕ್ಕೆ ಇಳಿದಿದ್ದಳು.

ಟವೆಲ್ ಬೆಳ್ಳಗಾಯಿತು. ಅದನ್ನು ಹಗ್ಗದ ಮೇಲೆ ಹರವಿ, ಎರಡು ಕ್ಲಿಪ್ ಸಿಕ್ಕಿಸಿ, ಕಾದು ಕುಳಿತಳು.

ಗೇಟಿನ ಸದ್ದಾಯಿತು.

"ಅತ್ತೇ, ಸರ್‌ಪ್ರೈಸ್! ನೋಡು, ಹೊಸಾ ಟವೆಲ್ ಥರ ಆಗಿದೆ!"

ಅತ್ತೆಯ ಕೈಯಲ್ಲಿದ್ದ ದಾರದ ಉಂಡೆ ಕೆಳಗೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ. ಹಗ್ಗದ ಬಳಿ ಹೋಗಿ ಒದ್ದೆ ಟವೆಲ್ಲಿಗೆ ಮುಖ ಒತ್ತಿದಳು. ಆಮೇಲೆ ಇನ್ನೊಂದು ತುದಿ ಹಿಡಿದು ಮೂಸಿದಳು.

"ಯಾಕತ್ತೆ? ಹರಿದುಹೋಗಿದ್ಯಾ?"

"ಇಲ್ಲ ಕಣೆ."

"ಮತ್ತೆ?"

"ಅಪ್ಪನ ವಾಸನೆ ಇತ್ತು ಇದ್ರಲ್ಲಿ. ಬೆವರು, ಹೊಗೆ, ಕುರಿ, ಎಲ್ಲಾ ಸೇರಿ... ದಿನಾ ಬೆಳಗ್ಗೆ ಒಂದ್ಸಲ ಮೂಸ್ತಿದ್ದೆ."

ಗಡಿಬಿಡಿಯೂ ಮೂಸಿದಳು. ಬರೀ ಸೋಪು. ತಾತನ ಹೆಗಲೇರಿ ಕುರಿ ಎಣಿಸುವಾಗ ಮೂಗಿಗೆ ಬಡಿಯುತ್ತಿದ್ದ ವಾಸನೆ ಅವಳಿಗೆ ಈಗ ನೆನಪಾಯಿತು. ಬಚ್ಚಲಿಗೆ ಓಡಿದಳು. ಬಕೆಟ್ ಅವಳೇ ಬೋರಲು ಹಾಕಿದ್ದಳು. ಕಂದು ನೀರೆಲ್ಲ ಮೋರಿ ಸೇರಿತ್ತು.

"ಬೈಯತ್ತೆ ನನ್ನ. ಬೇಕಾದ್ರೆ ಒಂದೇಟು ಹೊಡಿ."

"ಬೈದ್ರೆ ವಾಸನೆ ವಾಪಸ್ ಬರುತ್ತೇನೆ, ಹುಚ್ಚಿ?" ಎಂದು ಅತ್ತೆ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಬಚ್ಚಲ ಹೊಸ್ತಿಲ ಮೇಲೆ ಕುಳಿತು ಅತ್ತರು.

ಸಂಜೆ ಅತ್ತೆ ಅದೇ ಟವೆಲ್ಲನ್ನು ರಟ್ಟಿಗೆ ಹೊದಿಸಿದಳು.

"ಬೇರೆ ಬಟ್ಟೆ ಹಾಕಲ್ವಾ?"

"ಇದೇ ಇರ್ಲಿ ಬಿಡು. ತಾತನ ಟವೆಲ್, ಗಡಿಬಿಡಿ ಒಗೆದದ್ದು. ಇಂಥದ್ದೂ ಇನ್ನೊಂದಿಲ್ಲ." ಅತ್ತೆ ನಗಲು ನೋಡಿದಳು. ಆಗಲಿಲ್ಲ.

ಮರುದಿನ ಶಾಲೆಗೆ ರಜೆ. ಅಮ್ಮ ಪೊರಕೆ ಕೊಟ್ಟು, "ಅತ್ತೆ ಕೋಣೆ ಗುಡಿಸಿ ಬಾರೇ," ಎಂದಳು.

ಗಡಿಬಿಡಿ ಕಾಗದದ ಚೂರು, ದಾರದ ತುಂಡು ಎಲ್ಲ ಗುಡಿಸಿದಳು. ಮೂಲೆಯ ಚಪ್ಪಲಿಗಳ ಹತ್ತಿರ ಬಂದಾಗ ಕೈ ನಿಂತಿತು. ಒಣಗಿದ ಕೆಸರಿನ ಒಂದು ಚೂರು ಹಿಮ್ಮಡಿಯಿಂದ ಉದುರಿ ನೆಲದ ಮೇಲೆ ಬಿದ್ದಿತ್ತು.

ಅವಳು ಪೊರಕೆ ಕೆಳಗಿಟ್ಟಳು. ಆ ಚೂರನ್ನು ಎರಡು ಬೆರಳಲ್ಲಿ ಎತ್ತಿ, ಪುಡಿಯಾಗದ ಹಾಗೆ ಚಪ್ಪಲಿಯ ಮೇಲಿಟ್ಟಳು. ಆಮೇಲೆ ಸುತ್ತ ಒಂದು ಗೇಣು ಜಾಗ ಬಿಟ್ಟು, ಧೂಳೇಳದಂತೆ ಗುಡಿಸತೊಡಗಿದಳು.

"ಮುಗೀತೇನೇ?" ಅಮ್ಮ ಅಡುಗೆಮನೆಯಿಂದ ಕೂಗಿದಳು.

"ಇಲ್ಲಮ್ಮ," ಎಂದಳು ಗಡಿಬಿಡಿ. "ಇನ್ನೂ ಸ್ವಲ್ಪ ಹೊತ್ತಾಗುತ್ತೆ."