ಮರಿಗೆ ಹಾಕುವ ಗಂಟು

ನಿಂತ ಸೈಕಲ್ಲಿನಿಂದ ಬೀಳುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ಕರಿಯಕ್ಕ ಬಿದ್ದಳು. ಅದೂ ಮಧುಗಿರಿ ಬಸ್‌ಸ್ಟ್ಯಾಂಡಿನ ಎದುರು, ಬೆಳಿಗ್ಗೆ ಒಂಬತ್ತೂವರೆಗೆ, ಪಾವಗಡದ ಬಸ್ಸಿನಿಂದ ಜನ ದಬದಬ ಇಳಿಯುತ್ತಿದ್ದ ಹೊತ್ತಿನಲ್ಲಿ.

ಎಂಬತ್ತೈದನೇ ಇಸವಿಯ ನವೆಂಬರ್ ತಿಂಗಳು. ನರಸಪ್ಪನ ಸೈಕಲ್ ಶಾಪಿನಲ್ಲಿ ಒಂದು ರೇಸಿಂಗ್ ಸೈಕಲ್ ತೂಗುಹಾಕಿತ್ತು. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಎರಡು ಬೆರಳಗಲದ ಟೈರು. ಬೆಂಗಳೂರಿನಲ್ಲಿ ಮೂಲೆಗೆ ಬಿದ್ದಿದ್ದನ್ನು ತಂದು ಅವನೇ ಕೈಯಾರೆ ಸರಿಮಾಡಿದ್ದ.

"ಅದು ಬಾಡಿಗೆಗಲ್ಲ. ಸುಮ್ನೆ ನೋಡೋಕೆ," ಅಂದ ನರಸಪ್ಪ.

"ನೋಡೋಕೆ ಗೋಡೆ ಮೇಲೆ ಕ್ಯಾಲೆಂಡರ್ ಐತಲ್ಲ. ಇದನ್ನ ಇಳಿಸಿ," ಅಂದಳು ಕರಿಯಕ್ಕ.

ಅವನು ಇಳಿಸಿಬಿಟ್ಟ. ಯಾಕೆ ಇಳಿಸಿದೆ ಅಂತ ಅವನಿಗೇ ಗೊತ್ತಾಗಲಿಲ್ಲ.

ಪೆಡಲ್ಲುಗಳ ಮೇಲೆ ಬಾಗಿಸಿದ ಕಬ್ಬಿಣದ ಕಡ್ಡಿಯ ಸಣ್ಣ ಗೂಡು, ಅದನ್ನು ಸುತ್ತಿದ ಚರ್ಮದ ಪಟ್ಟಿ. ಕಾಲು ತೂರಿಸಿ ಪಟ್ಟಿ ಎಳೆದರೆ ಪಾದ ಪೆಡಲ್ಲಿಗೆ ಅಂಟಿಕೊಂಡು ಕೂರುತ್ತದೆ. ಟೋ ಕ್ಲಿಪ್ ಅಂತಾರೆ ಇದಕ್ಕೆ, ಹುಷಾರು, ಅಂತ ಅವನು ಹೇಳುತ್ತಲೇ ಇದ್ದ. ಅವಳು ಆಗಲೇ ಐಬಿ ಬಂಗಲೆ ದಾಟಿದ್ದಳು. ಒಂದು ಸುತ್ತು ಹೊಡೆದು ಬಂದು, ಶಾಪಿನ ಮುಂದೆ ಬ್ರೇಕ್ ಹಿಡಿದು, ಎಲ್ಲರ ಹಾಗೆ ಒಂದು ಕಾಲು ನೆಲಕ್ಕೆ ಇಡಲು ಹೋದಳು. ಕಾಲು ಬರಲಿಲ್ಲ. ಸೈಕಲ್ಲು ಅವಳನ್ನೂ ಕರೆದುಕೊಂಡು ನಿಧಾನವಾಗಿ, ಭಾರಿ ಗತ್ತಿನಿಂದ, ಎಡಕ್ಕೆ ಮಲಗಿತು.

"ಪಟ್ಟುಕೋ! ಅಯ್ಯೋ, ಪಟ್ಟುಕೋ!"

ನರಸಪ್ಪ ತೆಲುಗು ಗಡಿಯ ರಾಯಚರ್ಲು ಕಡೆಯವನು. ಗಾಬರಿಯಾದರೆ ಬಾಯಿಗೆ ಬರುವುದು ತೆಲುಗೇ.

"ಹಿಡ್ಕೊ ಅಂದ್ರೆ ಏನ್ ಹಿಡ್ಕೊಳ್ಳಲಿ? ನೆಲಾನಾ?" ಅಂದಳು ಮಲಗಿದಲ್ಲಿಂದಲೇ.

ಬಸ್ಸಿಗೆ ಬಸ್ಸೇ ನಕ್ಕಿತು. ಅವನೊಬ್ಬ ನಗಲಿಲ್ಲ. ಓಡಿಬಂದು ಮಂಡಿಯೂರಿ ಪಟ್ಟಿ ಬಿಚ್ಚಿದ. ಪೆಟ್ಟಾಯ್ತಾ ಅಂತ ಕೇಳಲು ತಲೆ ಎತ್ತಿದವನು ಕೇಳುವುದನ್ನೇ ಮರೆತು ಅವಳ ಮುಖ ನೋಡುತ್ತ ಕೂತ. ಕರಿಯಕ್ಕನಿಗೆ ಮೊಣಕೈ ತರಚಿದ್ದು ಆಮೇಲೆ, ಕಾಲೇಜಿಗೆ ಹೋದ ಮೇಲೆ ಗೊತ್ತಾಯಿತು.

ಅವಳು ಮಿಡಿಗೇಶಿಯ ದೊಡ್ಡರಂಗಪ್ಪನ ಮಗಳು. ಅಪ್ಪನ ಕುರಿಗಳ ಹಿಂದೆ ಓಡಿ ಕಲಿತ ಕಾಲು. ಕಾಲೇಜಿಗೆ ಸೇರಿದ ಮೇಲೆ ಮೂರು ಸಾವಿರ ಮೀಟರ್ ಓಟದಲ್ಲಿ ಜಿಲ್ಲೆಯ ಹುಡುಗಿಯರೆಲ್ಲ ಅವಳ ಬೆನ್ನನ್ನಷ್ಟೇ ನೋಡಿದ್ದರು. ಹೋದ ವರ್ಷ ಬಲಮಂಡಿ ಕೈಕೊಟ್ಟಿತು. ಒಂದು ವರ್ಷ ಔಷಧಿ ಮಾಡಿದ ಮೇಲೆ ತುಮಕೂರಿನ ಡಾಕ್ಟರು, ಇನ್ನು ಓಡಿದರೆ ನಡೆಯೋದೂ ಕಷ್ಟ, ಬೇಕಾದ್ರೆ ಸೈಕಲ್ ತುಳಿ ತಾಯಿ, ಅಂದರು. ಒಂದು ದಿನ ಪೂರ್ತಿ ಅತ್ತಳು. ಮಾರನೆ ದಿನ ಮುಖ ತೊಳೆದುಕೊಂಡು ಸೈಕಲ್ ಹುಡುಕಿಕೊಂಡು ಬಂದಳು. ಮುಂದೆ ಇರಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದು. ಓಡಿಯೋ ತುಳಿದೋ ಅನ್ನುವುದು ಅವಳ ಲೆಕ್ಕದಲ್ಲಿ ಎರಡನೇ ಮಾತು.

ಕಾಲೇಜಿನ ಪಿ.ಟಿ. ಮೇಷ್ಟ್ರು ಚಂದ್ರಶೇಖರಯ್ಯನವರು ಒಂದು ಸುದ್ದಿ ತಂದರು. ಹೆಣ್ಣುಮಕ್ಕಳಿಗೂ ರಸ್ತೆ ಸೈಕಲ್ ರೇಸು ಇಡುತ್ತಾರಂತೆ. ಜನವರಿ ಇಪ್ಪತ್ತಾರಕ್ಕೆ ಕೊರಟಗೆರೆಯಿಂದ ಮಧುಗಿರಿಗೆ ಒಂದು. ಫೆಬ್ರವರಿಯಲ್ಲಿ ಮಧುಗಿರಿಯಿಂದ ಶಿರಾಕ್ಕೆ ಇನ್ನೊಂದು, ಅದೇ ಆಯ್ಕೆ ಪಂದ್ಯ. ಎರಡರಲ್ಲೂ ಸೇರಿ ಹೆಚ್ಚು ಪಾಯಿಂಟು ಪಡೆದ ಒಬ್ಬಳೇ ಒಬ್ಬಳು ರಾಜ್ಯ ಮಟ್ಟಕ್ಕೆ. ಪಾಯಿಂಟು ಸಮವಾದರೆ ಶಿರಾದಲ್ಲಿ ಗೆದ್ದವಳು.

ನರಸಪ್ಪ ಕ್ಲಿಪ್ಪುಗಳನ್ನು ಬಿಚ್ಚಿಟ್ಟು ಸೈಕಲ್ಲನ್ನು ಅವಳ ಕೈಗೆ ಕೊಟ್ಟ. ಅವಳು ಬಸ್ಸು ಬಿಟ್ಟು ಮಿಡಿಗೇಶಿಯಿಂದ ಮಧುಗಿರಿಗೆ ದಿನಾ ತುಳಿದಳು. ಪ್ಯಾಂಟು ಹಾಕಿಕೊಂಡು ಹೋಗುವ ಹುಡುಗಿಯನ್ನು ದಾರಿಯ ಜನ ಒಂದು ವಾರ ನಿಂತು ನೋಡಿದರು, ಎರಡನೇ ವಾರ ಅವಳನ್ನು ನೋಡಿ ಗಂಟೆ ಎಷ್ಟಾಯಿತು ಅಂತ ತಿಳಿದುಕೊಂಡರು.

ಸಂಜೆ ವಾಪಸ್ಸು ಹೊರಡುವ ಮುಂಚೆ ಶಾಪಿನ ಹತ್ತಿರ ನಿಲ್ಲಿಸುವುದು ರೂಢಿಯಾಯಿತು. ಅವನು ಚಕ್ರ ತಿರುಗಿಸಿ ಕಡ್ಡಿ ಬಿಗಿ ಮಾಡುತ್ತಿದ್ದ, ಚೈನಿಗೆ ಎಣ್ಣೆ ಬಿಡುತ್ತಿದ್ದ. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು.

"ನಿಮ್ಗೆ ಬೇರೆ ಗಿರಾಕಿ ಇಲ್ವಾ?"

"ಅವ್ರ ಸೈಕಲ್ಲೆಲ್ಲ ಚೆನ್ನಾಗವೆ."

"ನಂದೇನಾಗೈತೆ?"

"ಇದಾ? ಇದು ದಿನಾ ನೋಡ್ಬೇಕಾದ ಸೈಕಲ್ಲು ನೋಡಿ," ಅಂತ ಅವನು ಚಕ್ರಕ್ಕೇ ಹೇಳುತ್ತಿದ್ದ. ಅವನು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಹೆಸರಿನ ಕೊನೆಗೆ ಅಕ್ಕ ಇತ್ತಲ್ಲ, ಅದು ಅವನ ಗಂಟಲಿನಿಂದ ಹೊರಡುತ್ತಿರಲಿಲ್ಲ. ಕರಿಯಕ್ಕ ಇದನ್ನು ಗಮನಿಸಿ, ಮಿಡಿಗೇಶಿ ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಹೋಗುತ್ತಿದ್ದಳು.

ಡಿಸೆಂಬರಿನಲ್ಲಿ ಚಂದ್ರಶೇಖರಯ್ಯನವರು ಒಂದು ಫಾರಿನ್ ಪತ್ರಿಕೆ ತಂದು ತೋರಿಸಿದರು. ಬೂಟಿನ ಅಡಿಗೇ ಒಂದು ತುಂಡು ಕೂರಿಸಿ, ಅದು ಪೆಡಲ್ಲಿಗೆ ಟಕ್ಕನೆ ಕಚ್ಚಿಕೊಳ್ಳುವ ಹೊಸ ಕಾರುಬಾರು. "ಇದು ನಮಗೆ ಸಿಗೋದಿಲ್ಲಮ್ಮ. ಆದರೆ ನರಸಪ್ಪನ ಕ್ಲಿಪ್ಪು ಇದರ ಅಣ್ಣ. ಗೆಲ್ಲೋರು ಎಲ್ಲಾ ಕಾಲು ಕಟ್ಟಿಕೊಂಡೇ ತುಳೀತಾರೆ."

ಕರಿಯಕ್ಕ ಮೂರು ದಿನ ಯೋಚನೆ ಮಾಡಿದಳು. ಓಡುವವಳಿಗೆ ಗೊತ್ತಿರುವುದು ಒಂದೇ ವಿದ್ಯೆ. ಒಂದು ಕಾಲು ಎಡವಿದರೆ ಇನ್ನೊಂದು ಕಾಲು ಹಾಕುವುದು. ಎರಡನ್ನೂ ಕಟ್ಟಿಕೊಂಡರೆ ಯಾವುದನ್ನು ಹಾಕುವುದು? ಬಿದ್ದರೆ ಮಂಡಿ ಮತ್ತೆ ಹೋಗಬಹುದು. ಆದರೆ ಏರು ಬಂದಾಗಲೆಲ್ಲ ಅವಳ ಪಾದ ಪೆಡಲ್ಲಿನಿಂದ ಜಾರುತ್ತಿತ್ತು, ಜಾರಿದಾಗಲೆಲ್ಲ ವೇಗ ಸೋರಿಹೋಗುತ್ತಿತ್ತು.

"ಕಟ್ಟಿದ್ರೆ ಏನ್ ಲಾಭ? ನಿಜ ಹೇಳಿ," ಅಂತ ನರಸಪ್ಪನನ್ನೇ ಕೇಳಿದಳು.

"ತುಳಿಯೋದಷ್ಟೇ ಅಲ್ಲ, ಮೇಲಕ್ಕೆ ಎಳೀಬೋದು. ಏರಲ್ಲಿ ಕಾಲು ಜಾರಲ್ಲ." ಅವಳ ಮಂಡಿಯ ಕಡೆ ನೋಡಿ, "ಆದ್ರೆ ನಿಮ್ಗೆ ಬ್ಯಾಡ," ಅಂದ.

"ನಂಗೇ ಬೇಕು. ಹಾಕಿ."

ರೇಸಿನ ದಿನ ಕೊರಟಗೆರೆಯಲ್ಲಿ ಅವನೇ ಬಗ್ಗಿ ಕೂತು ಅವಳ ಕಾಲುಗಳನ್ನು ಕಟ್ಟಿದ. ಅವತ್ತು ಬಿದ್ದಾಗ ಹಳೇ ಬಕಲು ಮುರೀತು, ಹೊಸ ಬಕಲು ಸಿಗಲಿಲ್ಲ, ದಾರದಲ್ಲೇ ಕಟ್ಟಿದೀನಿ ಅಂದ. ಬಾಗಿದ ಅವನ ಕತ್ತಿನ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಅಲ್ಲಿ ಒಂದು ಗ್ರೀಸಿನ ಗೀರು. ಅದನ್ನು ಸೆರಗಿನಿಂದ ಒರೆಸಬೇಕು ಅನ್ನಿಸಿತು ಅವಳಿಗೆ. ಮೈಮೇಲೆ ಸೆರಗಿರಲಿಲ್ಲ, ಇದ್ದದ್ದು ಕಾಲೇಜಿನ ಬನಿಯನ್ನು. ಅದಕ್ಕೇ ಅವತ್ತು ಬಚಾವಾದಳು.

ಮಧುಗಿರಿ ಇನ್ನೇನು ಒಂದು ಕಿಲೋಮೀಟರ್ ಇದೆ ಅನ್ನುವಾಗ ಕೊನೆಯ ಏರು. ಎದುರಿಗೆ ಬೆಟ್ಟ, ಪಕ್ಕದಲ್ಲಿ ಶಿರಾದ ಹುಡುಗಿ, ಹಿಂದೆ ಯಾರೂ ಇಲ್ಲ. ಕರಿಯಕ್ಕ ಹಲ್ಲು ಕಚ್ಚಿ ಎಡಗಾಲನ್ನು ಮೇಲಕ್ಕೆ ಎಳೆದಳು. ಎಳೆದ ಕಾಲು ಪುಸಕ್ಕನೆ ಹೊರಗೆ ಬಂದುಬಿಟ್ಟಿತು. ಸೈಕಲ್ಲು ಓಲಾಡಿತು. ಅವಳು ಸಾವರಿಸಿಕೊಳ್ಳುವಷ್ಟರಲ್ಲಿ ಶಿರಾದ ಹುಡುಗಿ ಎರಡು ಸೈಕಲ್ ಉದ್ದ ಮುಂದೆ ಹೋಗಿದ್ದಳು. ಆ ಎರಡು ಸೈಕಲ್ ಉದ್ದವನ್ನು ಕೊನೆಯವರೆಗೂ ತುಂಬಲು ಆಗಲಿಲ್ಲ.

ಎರಡನೇ ಸ್ಥಾನ ಅಂತ ಎಲ್ಲರೂ ಬೆನ್ನು ತಟ್ಟಿದರು. ಅವಳು ರಸ್ತೆಬದಿಯ ಕಲ್ಲಿನ ಮೇಲೆ ಕೂತು ಪೆಡಲ್ಲನ್ನು ನೋಡಿದಳು. ದಾರ ಹರಿದಿರಲಿಲ್ಲ. ನೀಟಾಗಿ ಬಿಚ್ಚಿಕೊಂಡು ಜೋತಾಡುತ್ತಿತ್ತು. ಬಲಗಾಲಿನ ಗಂಟು ಹಾಗೇ ಇತ್ತು. ಅದನ್ನು ಕಂಡ ಕೂಡಲೇ ಅವಳ ಕಿವಿ ಬಿಸಿಯಾಯಿತು. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವರಿಗೆ ಆ ಗಂಟನ್ನು ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. ಎಳೆಯ ಮರಿಯನ್ನು ಪೊದೆಗೆ ಕಟ್ಟುವಾಗ ಹಾಕುವ ಗಂಟು. ಮರಿ ಬೆದರಿ ಜೋರಾಗಿ ಎಳೆದರೆ ಕುತ್ತಿಗೆ ಬಿಗಿಯಬಾರದು, ತಾನಾಗಿ ಬಿಚ್ಚಿಕೊಳ್ಳಬೇಕು. ಅವಳೇ ಸಾವಿರ ಸಲ ಹಾಕಿದ್ದಳು.

ನರಸಪ್ಪನೂ ಕುರಿಯವರ ಮನೆಯ ಮಗನೇ.

ಶಾಪಿಗೆ ಹೋದವಳು ಅವನನ್ನು ಏನೂ ಕೇಳದೆ ಸ್ಕ್ರೂಗಳ ಡ್ರಾಯರ್ ಎಳೆದಳು. ಪೇಪರಿನಲ್ಲಿ ಸುತ್ತಿದ್ದ ಎರಡು ಹೊಸ ಬಕಲುಗಳು ಫಳಫಳ ಹೊಳೆದವು.

"ಸಿಗ್ಲಿಲ್ಲ ಅಂದ್ಯಲ್ಲ."

ಅವನು ತಲೆ ತಗ್ಗಿಸಿದ.

"ಯಾವ್ ಗಂಟು ಅದು? ಬಾಯಿ ಬುಟ್ಟು ಹೇಳು."

ನೀವು ಹೋಗಿ ನೀನು ಆಗಿತ್ತು. ಇಬ್ಬರಿಗೂ ಅದು ಕೇಳಿಸಿತು.

"ಮರಿಗೆ ಹಾಕೋದು," ಅಂದ ಸಣ್ಣ ದನಿಯಲ್ಲಿ. "ಅವತ್ತು ನೀವು ಬಿದ್ದಿದ್ದು ಇನ್ನಾ ಕಣ್ಣಲ್ಲೇ ಐತೆ. ಆ ಮಂಡಿಗೆ ಇನ್ನೊಂದು ಪೆಟ್ಟು ಬಿದ್ರೆ… ಏನಾರ ಆದ್ರೆ ಕಾಲು ಈಚೆಗೆ ಬರ್ಲಿ ಅಂತ."

"ನಾನೇನ್ ಮರಿನಾ?"

"ಅಲ್ಲ."

"ಬಿದ್ದಿದ್ರೆ ನಾನು ಬೀಳ್ತಿದ್ದೆ, ನಾನೇ ಏಳ್ತಿದ್ದೆ. ಇವತ್ತು ಸೋತಿದ್ದು ನನ್ನಿಂದಲ್ಲ ಕಣೋ, ನಿನ್ನಿಂದ. ಎರಡು ಕಾಲೂ ನಿನ್ನ ಕೈಗೆ ಕೊಟ್ಟಿದ್ದೆ. ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ನರಸಪ್ಪ ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. "ತಪ್ಪಾಯ್ತು. ನೀವು ಗೆಲ್ಲೋದಕ್ಕಿಂತ ನೀವು ಬೀಳ್ದೆ ಇರೋದೇ ನಂಗೆ ದೊಡ್ಡದಾಗೋಯ್ತು. ಯಾಕೆ ಅಂತ ಕೇಳ್ಬ್ಯಾಡಿ."

ಯಾಕೆ ಅಂತ ಕೇಳುವಷ್ಟು ದಡ್ಡಿಯಲ್ಲ ಕರಿಯಕ್ಕ. ಆಗಿದ್ದು ಸಂತೋಷವೋ ಸಿಟ್ಟೋ ತಿಳಿಯಲಿಲ್ಲ. ಎರಡೂ ಇದ್ದವು. ಅವನು ಬೇಕು ಅನ್ನುವುದು ಅವಳಿಗೆ ಆ ಗಳಿಗೆಯಲ್ಲಿ ನಿಚ್ಚಳವಾಯಿತು. ತನಗೆ ತಿಳಿಸದೆ ತನ್ನನ್ನು ಕಾಯುವವನು ಮಾತ್ರ ಬೇಡ ಅನ್ನುವುದೂ ಅಷ್ಟೇ ನಿಚ್ಚಳವಾಯಿತು.

"ಬಕಲು ಹೊಲಿ," ಅಂದಳು. "ನಾಳೆಯಿಂದ ಬೀಳೋದು ಕಲೀತೀನಿ. ನೀನು ಅಲ್ಲೇ ಇರ್ಬೇಕು. ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೊ. ನಾನಾಗಿ ಕರೆಯೋ ತನಕ ಹಿಡಿಯೋ ಹಂಗಿಲ್ಲ."

ಕೆರೆ ಅಂಗಳದ ಮರಳಿನಲ್ಲಿ ಅವಳು ಅಭ್ಯಾಸ ಮಾಡಿದಳು. ಬಕಲಿನ ನಾಲಿಗೆ ಬೆರಳಿನಲ್ಲಿ ಒತ್ತಿದರೆ ಪಟ್ಟಿ ಸಡಿಲವಾಗಬೇಕು, ಆಗ ಕಾಲು ಹಿಂದಕ್ಕೆ ಎಳೆಯಬೇಕು, ಆಮೇಲೆ ನಿಲ್ಲಬೇಕು. ಮೊದಲ ದಿನ ಹನ್ನೊಂದು ಸಲ ಬಿದ್ದಳು. ನರಸಪ್ಪ ಬೆನ್ನ ಹಿಂದೆ ತನ್ನ ಬೆರಳುಗಳನ್ನೇ ಹಿಂಡಿಕೊಂಡು, ತೆಲುಗಿನಲ್ಲಿ ಇದ್ದಬದ್ದ ದೇವರನ್ನೆಲ್ಲ ಕರೆಯುತ್ತ ನಿಂತಿದ್ದ. ಒಂದು ಹೆಜ್ಜೆಯೂ ಮುಂದೆ ಇಡಲಿಲ್ಲ. ಬೀಳುತ್ತಿದ್ದವಳಿಗಿಂತ ನಿಂತಿದ್ದವನಿಗೇ ಹೆಚ್ಚು ನೋವಾಗುತ್ತಿದೆ ಅಂತ ಅವಳಿಗೆ ಕಾಣುತ್ತಿತ್ತು. ನಾಲ್ಕನೇ ದಿನ ಅವಳು ಒಂದು ಸಲವೂ ಬೀಳಲಿಲ್ಲ. ಅವನು ಮರಳಿನ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡ.

ಫೆಬ್ರವರಿಯ ಭಾನುವಾರ ಬೆಳಿಗ್ಗೆ, ಮಧುಗಿರಿಯ ಶಿರಾ ರಸ್ತೆಯಲ್ಲಿ, ಅವನು ಪಟ್ಟಿ ಎಳೆದ.

"ಸಾಕಾ?"

"ಇನ್ನೊಂಚೂರು ಎಳಿ."

ಎಳೆದ. ಬಕಲು ಕಚ್ಚಿಕೊಂಡಿತು. ಇಬ್ಬರೂ ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ಅವನು ಶಿರಾದ ಬಸ್ಸು ಹಿಡಿಯಲು ಓಡಿದ.

ಆ ರೇಸಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೂವತ್ತು ಕಿಲೋಮೀಟರಿನ ಮೇಲೆ ಒಂದು ಉದ್ದನೆ ಏರು ಸಿಕ್ಕಿತು. ಶಿರಾದ ಹುಡುಗಿ ಪಕ್ಕದಲ್ಲೇ ಇದ್ದಳು. ಕರಿಯಕ್ಕ ಎಡಗಾಲು ಎಳೆದಳು, ಬಂತು ಸೈಕಲ್ಲು. ಬಲಗಾಲು ಎಳೆದಳು, ಬಂತು. ಮತ್ತೆ ಎಳೆದಳು. ಏರು ಮುಗಿದಾಗ ಪಕ್ಕದಲ್ಲಿ ಉಸಿರಿನ ಸದ್ದು ಇರಲಿಲ್ಲ. ಬಹಳ ದಿನದ ಮೇಲೆ ಎದುರಿಗೆ ರಸ್ತೆ ಬಿಟ್ಟು ಬೇರೇನೂ ಇಲ್ಲದ್ದನ್ನು ಕಂಡು ಅವಳಿಗೆ ಅಳು ಬಂತು, ಜೊತೆಗೆ ನಗುವೂ ಬಂತು.

ಶಿರಾದಲ್ಲಿ ಗೆರೆ ದಾಟಿದಾಗ ಗಡ್ಡದ ಸಾಬರೊಬ್ಬರು "ಶಾಬಾಶ್ ಬೇಟಿ!" ಅಂತ ಟೋಪಿ ತೆಗೆದು ಬೀಸಿದರು. ಚಂದ್ರಶೇಖರಯ್ಯನವರು ಸೀಟಿ ಊದುತ್ತಲೇ ಇದ್ದರು, ನಿಲ್ಲಿಸುವುದು ಮರೆತಿತ್ತು. ಅವರ ಆಚೆ ಅಪ್ಪ ದೊಡ್ಡರಂಗಪ್ಪ, ಹೆಗಲ ಮೇಲೆ ಕಂಬಳಿ. ಅಪ್ಪನ ಪಕ್ಕದಲ್ಲಿ ನರಸಪ್ಪ. ಎರಡೂ ಕೈ ಬೆನ್ನ ಹಿಂದೆ. ನಗು ಉಕ್ಕುತ್ತಿದ್ದ ಮುಖವನ್ನು ಬಿಗಿಹಿಡಿದು, ಹೇಳಿದ ಮಾತಿಗೆ ಕಟ್ಟುಬಿದ್ದು ನಿಂತಿದ್ದ.

ಸೈಕಲ್ಲು ನಿಧಾನವಾಯಿತು. ಕರಿಯಕ್ಕನ ಎಡಗೈ ಅಭ್ಯಾಸದಂತೆ ಬಕಲಿನ ಕಡೆಗೆ ಹೋಯಿತು. ಒಂದು ಬೆರಳು ಒತ್ತಿದರೆ ಮುಗಿದಿತ್ತು. ಅವಳು ಕೈಯನ್ನು ವಾಪಸ್ಸು ಹ್ಯಾಂಡಲ್ಲಿಗೆ ತಂದಳು. ಚಕ್ರ ಇನ್ನೇನು ನಿಲ್ಲಬೇಕು. ನೂರು ಜನ ನೋಡುತ್ತಿದ್ದರು, ಅಪ್ಪ ನೋಡುತ್ತಿದ್ದ.

"ನರಸಪ್ಪಾ!" ಅಂತ ಕೂಗಿದಳು. "ಪಟ್ಟುಕೋ!"

ಅವನು ಹೇಗೆ ಬಂದ ಅಂತ ಯಾರೂ ನೋಡಲಿಲ್ಲ. ವಾಲುತ್ತಿದ್ದ ಸೈಕಲ್ಲಿನ ಜೊತೆ ಅವಳನ್ನೂ ಎರಡೂ ತೋಳಿನಲ್ಲಿ ಹಿಡಿದು ನಿಂತಿದ್ದ. ಅವಳ ಹಣೆ ಅವನ ಭುಜಕ್ಕೆ ಒರಗಿತ್ತು.

"ಬಿಚ್ಕೊಳ್ಳೋಕೆ ನಿಂಗೆ ಬರ್ತದಲ್ಲ," ಅಂದ ಅವಳಿಗೆ ಮಾತ್ರ ಕೇಳುವ ಹಾಗೆ. ಅವನ ಬಾಯಲ್ಲೂ ನೀವು ಹೋಗಿತ್ತು.

"ಬರ್ತದೆ."

"ಮತ್ತೆ?"

"ಕರೆಯೋ ತನಕ ಹಿಡೀಬ್ಯಾಡ ಅಂದಿದ್ದೆ. ಈಗ ಕರೆದೆ. ಸುಮ್ನೆ ಹಿಡ್ಕೊ."

ಅವನು ಸುಮ್ಮನೆ ಹಿಡಿದುಕೊಂಡ. ಸೀಟಿ ನಿಂತಿತು. ಚಪ್ಪಾಳೆಯೂ ನಿಂತಿತು. ದೊಡ್ಡರಂಗಪ್ಪ ಹತ್ತಿರ ಬಂದು ಮಗಳನ್ನು ನೋಡಿದ, ಅವನನ್ನು ನೋಡಿದ, ಬಗ್ಗಿ ಪೆಡಲ್ಲಿನ ಬಕಲನ್ನು ಬೆರಳಿನಿಂದ ತಟ್ಟಿ ನೋಡಿದ.

"ಈ ಸಲ ಗಟ್ಟಿಯಾಗೇ ಕಟ್ಟೀಯ," ಅಂದ. ಅಂದರೆ ಮಗಳು ಹಟ್ಟಿಯಲ್ಲಿ ಎಲ್ಲ ಹೇಳಿದ್ದಳು. "ಲೇ ನರಸಪ್ಪ, ನೀನು ಹಿಡ್ಕೊಂಡಿದ್ದು ಶಿರಾ ಎಲ್ಲ ನೋಡ್ತು ಕಣ್ಲಾ. ಇನ್ನ ಮಗೀನ ಕಾಲು ಬಿಚ್ಚು. ಆಮ್ಯಾಕೆ ನಿಮ್ಮಪ್ಪನ್ನ ಕರ್ಕೊಂಡು ಹಟ್ಟಿಗೆ ಬಾ, ಮಾತಾಡಾನ."

ನರಸಪ್ಪ ಬಗ್ಗಿದ. ಒಂದು ಕೈಯಲ್ಲಿ ಎಡಗಾಲಿನ ಬಕಲು ಬಿಚ್ಚಿದ, ಆಮೇಲೆ ಬಲಗಾಲಿನದು. ಇನ್ನೊಂದು ಕೈ ಅವಳ ಕೈಯಲ್ಲಿತ್ತು. ಎರಡೂ ಕಾಲು ನೆಲದ ಮೇಲೆ ಇಟ್ಟು ನಿಂತ ಮೇಲೂ ಕರಿಯಕ್ಕ ಅದನ್ನು ಬಿಡಲಿಲ್ಲ.