ಹೀರೇಬಳ್ಳಿ ಹಬ್ಬಿದ ಲಾರಿ

"ಲಾರಿ ಮಾರಾಕಿಲ್ರೀ!"

ಆ ದನಿ ಕೇಳಿದಾಗ ರೂಪಶ್ರೀ ಹಳೇ ಲಾರಿಯೊಂದರ ಮುಂದೆ ನೆಲದ ಮೇಲೆ ಬೋರಲಾಗಿ ಮಲಗಿ ಕ್ಯಾಮೆರಾಗೆ ಕಣ್ಣು ಹಚ್ಚಿದ್ದಳು. ಮೊಣಕೈಗೆ ಕೆಮ್ಮಣ್ಣು ಮೆತ್ತಿತ್ತು. ಜಡೆಯಲ್ಲೊಂದು ಜಾಲಿಮುಳ್ಳು ಸಿಕ್ಕಿಕೊಂಡಿತ್ತು. ತಲೆ ಎತ್ತಿದಾಗ ಮೊದಲು ಕಂಡದ್ದು ಹವಾಯಿ ಚಪ್ಪಲಿ ಮೆಟ್ಟಿದ ಪಾದಗಳು. ಚಪ್ಪಲಿಯ ತುಂಬ ಹಳದಿ, ಕೆಂಪು, ಗಿಳಿಹಸಿರು ಬಣ್ಣದ ಚುಕ್ಕೆ.

"ನಾನು ಕೊಳ್ಳಾಕೆ ಬಂದಿಲ್ಲ," ಎಂದಳು.

"ಎಲ್ರೂ ಹಂಗೇ ಅಂತಾರೆ. ಹೋದ ತಿಂಗಳು ಒಬ್ಬ ಬಂದು ಫೋಟೋ ಹೊಡ್ಕೊಂಡು ಹೋದ. ಅದಾಗಿ ಸ್ವಲ್ಪ ದಿನಕ್ಕೆ ಗುಜರಿಯೋರು ಗ್ಯಾಸ್ ಕಟರ್ ತಗೊಂಡು ಬಂದು ನಿಂತಿದ್ರು. ಅವತ್ತು ನಮ್ಮಪ್ಪ ಊಟಾನೇ ಮಾಡಲಿಲ್ಲ."

"ನನ್ನತ್ರ ಕಟರ್ ಇಲ್ಲ. ಬೇಕಾದ್ರೆ ಬ್ಯಾಗ್ ನೋಡ್ರಿ. ಆದ್ರೆ ಮೊದ್ಲು ಸ್ವಲ್ಪ ಆಚೆ ಸರೀರಿ, ನಿಮ್ಮ ನೆರಳು ನನ್ನ ಫ್ರೇಮಿನಾಗೆ ಬಿದ್ದೈತೆ."

ಅವನು ಸರಿದ. ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಬೇಲಿಯ ಹತ್ತಿರ ಕೈಕಟ್ಟಿ ನಿಂತ. ಅವಳು ಮತ್ತೆ ಮಲಗಿ, ಉಸಿರು ಹಿಡಿದು, ಕ್ಲಿಕ್ಕಿಸಿದಳು.

ರೂಪಶ್ರೀಗೆ ಚನ್ನಗಿರಿಯಲ್ಲಿ ಸ್ವಂತ ಸ್ಟುಡಿಯೋ ಇತ್ತು. ಮದುವೆ, ಸೀಮಂತ, ನಾಮಕರಣ, ಯಾವುದಿದ್ದರೂ ಸುತ್ತಲಿನ ಊರಿನವರು ಅವಳನ್ನೇ ಕರೆಯುತ್ತಿದ್ದರು. ಮುಹೂರ್ತವಿಲ್ಲದ ಭಾನುವಾರ ಮಾತ್ರ ಅವಳದು. ಅಂದು ಸ್ಕೂಟಿ ಹತ್ತಿ ಹಳೇ ಲಾರಿಗಳನ್ನು ಹುಡುಕಿಕೊಂಡು ಹೊರಡುತ್ತಿದ್ದಳು. ಗದ್ದೆಯ ಬದಿಯಲ್ಲಿ ಹೂತುಹೋದ ಟಿಪ್ಪರ್, ಮಿಲ್ಲಿನ ಹಿಂದೆ ಮಲಗಿದ ಟ್ಯಾಂಕರ್, ಚಕ್ರವಿಲ್ಲದೆ ಕಲ್ಲಿನ ಮೇಲೆ ಕೂತ ಟ್ರಕ್ಕು. ಯಾಕೆ ಅಂತ ಕೇಳಿದವರಿಗೆ, "ಇವು ಕಣ್ಣು ಮಿಟುಕಿಸಲ್ಲ, ಇನ್ನೊಂದು ಸಲ ತೆಗೀರಿ ಅಂತ ಕಾಡಲ್ಲ," ಎಂದು ನಗುತ್ತಿದ್ದಳು.

ಇವತ್ತು ಸಿಕ್ಕಿದ್ದು ಹಿಂದಿನ ಕಾಲದ, ಇಂಜಿನ್ನು ಮುಂದಕ್ಕೆ ಚಾಚಿಕೊಂಡ ಮೂತಿ ಲಾರಿ. ನ್ಯಾಮತಿಯಿಂದ ಸೂರಗೊಂಡನಕೊಪ್ಪದ ಕಡೆ ಹೋಗುವ ರಸ್ತೆಯ ಪಕ್ಕ, ಒಂದು ಮನೆಯ ಕಣದಲ್ಲಿ ನಿಂತಿತ್ತು. ಬಾನೆಟ್ಟಿನ ಬಣ್ಣವೆಲ್ಲ ಹೋಗಿ ತುಕ್ಕು ಆಲೆಮನೆಯ ಬೆಲ್ಲದ ಹಾಗೆ ಹೊಳೆಯುತ್ತಿತ್ತು.

"ಇದರಾಗೆ ಅಂಥಾದ್ದು ಏನು ಕಂಡ್ರಿ ಮೇಡಂ?" ಅವನ ದನಿ ಈಗ ಮೆತ್ತಗಾಗಿತ್ತು.

ಅವಳು ಎದ್ದು ಕ್ಯಾಮೆರಾದ ಹಿಂಬದಿಯ ಪರದೆಯನ್ನು ಅವನತ್ತ ತಿರುಗಿಸಿದಳು. ಅವನು ಬಗ್ಗಿದ. ತುಂಬಾ ಹೊತ್ತು ನೋಡಿದ. ಹುಟ್ಟಿದಾಗಿನಿಂದ ಕಂಡ ಲಾರಿಯನ್ನು ಇವತ್ತೇ ನೋಡುತ್ತಿರುವವನ ಹಾಗೆ.

"ಜಡೆಯಾಗೆ ಮುಳ್ಳೈತೆ," ಎಂದ ಕೊನೆಗೆ, ಪರದೆಯಿಂದ ಕಣ್ಣು ಕೀಳದೆ.

ಅವನ ಹೆಸರು ರುದ್ರಮುನಿ. ಹೊನ್ನಾಳಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ ಇಟ್ಟುಕೊಂಡಿದ್ದ. ಹಣೆಯ ಮೇಲೆ ದೇವರ ಹೆಸರು, ಬಾಗಿಲಿಗೆ ನವಿಲು, ಹಿಂದೆ ಕಮಲ. ಎಲ್ಲ ಕೈಯಲ್ಲೇ ಬರೆಯುತ್ತಿದ್ದ. ಈ ಮೂತಿ ಲಾರಿ ಅವನ ಅಪ್ಪ ಮಹೇಶ್ವರಪ್ಪ ಯೌವನವಿಡೀ ಓಡಿಸಿದ್ದು. ಈಗಲೂ ಅವರು ಸಂಜೆ ಹೊತ್ತು ಕ್ಯಾಬಿನ್ ಹತ್ತಿ ಕೂತು ಎಲೆಅಡಿಕೆ ಹಾಕುತ್ತಿದ್ದರು.

ಅಷ್ಟರಲ್ಲಿ ಅವನ ತಾಯಿ ಕಸ್ತೂರಮ್ಮ ಮಜ್ಜಿಗೆ ತಂದರು. ಲಾರಿಯ ಮುಂದಿನ ಚಕ್ರದ ಬುಡದಲ್ಲಿ ಎಳೇ ಬಳ್ಳಿಯೊಂದು ಬಂಪರಿಗೆ ಕೈಚಾಚಿತ್ತು.

"ಹೀರೇಬಳ್ಳಿ ಕಣವ್ವಾ," ಎಂದರು. "ಚಪ್ಪರ ಹಾಕಿಕೊಡು ಅಂದ್ರೆ ಇವನಿಗೆ ಪುರುಸೊತ್ತಿಲ್ಲ. ಅದಕ್ಕೆ ಲಾರಿಗೇ ಹಬ್ಬಿಸ್ತಾ ಇದೀನಿ."

ರೂಪಶ್ರೀ ಬಳ್ಳಿಯನ್ನೂ ಬಾನೆಟ್ಟನ್ನೂ ನೋಡಿದಳು. ಹೀರೆ ಅರಳುವುದು ಸಂಜೆಗೆ. ಇಳಿಬಿಸಿಲು, ಬೆಲ್ಲದ ಬಣ್ಣದ ತುಕ್ಕು, ಅದರ ಮೇಲೆಲ್ಲ ಹಳದಿ ಹೂ. ದಾವಣಗೆರೆಯಲ್ಲಿ ಅವಳ ಚಿತ್ರಗಳ ಮೊದಲ ಪ್ರದರ್ಶನ ನಿಶ್ಚಯವಾಗಿತ್ತು. ಗೋಡೆಯ ನಡುವೆ ಯಾವ ಚಿತ್ರ ಹಾಕಬೇಕೆಂದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು.

"ಹೂ ಬಿಡಾಕೆ ಶುರುವಾದ್ರೆ ನನಗೊಂದು ಫೋನ್ ಮಾಡ್ರಿ ಅಮ್ಮ," ಎಂದಳು.

"ನಾನೇ ಮಾಡ್ತೀನಿ," ಎಂದ ರುದ್ರಮುನಿ, ತಾಯಿಗಿಂತ ಮೊದಲೇ.

ಹೂ ಬಿಡುವವರೆಗೆ ಅವನು ಕಾಯಲಿಲ್ಲ. ಬುಧವಾರವೇ ಫೋನು ಬಂತು. "ಹೊನ್ನಾಳಿ ಹೊಳೆ ದಂಡೆಯಾಗೆ ಒಂದು ಟ್ಯಾಂಕರ್ ಐತೆ. ಬೆಳಗ್ಗೆ ಹೊತ್ತು ಬೆಳ್ಳಕ್ಕಿ ಕೂತಿರ್ತಾವೆ ಅದರ ಮ್ಯಾಲೆ. ನಿಮಗೆ ಬೇಕಾಗುತ್ತೇನೋ ಅಂತ."

ಬೇಕಾಗಿತ್ತು. ಮುಂದಿನ ಭಾನುವಾರ ತ್ಯಾವಣಿಗೆಯಲ್ಲಿ ಹುಲ್ಲು ತುಂಬಿಟ್ಟ ಲಾರಿ ಬೇಕಾಯಿತು. ಅದರ ಮುಂದಿನ ಭಾನುವಾರ ಎಲ್ಲೂ ಲಾರಿ ಸಿಗಲಿಲ್ಲ, ಆದರೂ ಇಬ್ಬರೂ ಮಧ್ಯಾಹ್ನದವರೆಗೆ ಸುತ್ತಿದರು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಅವನು ರಿಫ್ಲೆಕ್ಟರ್ ಹಿಡಿಯುವುದನ್ನು ಕಲಿತ. ಬೆಳಕನ್ನು ಲಾರಿಯ ಮೇಲೆ ಬೀಳಿಸು ಎಂದರೆ ಅದು ಮೆಲ್ಲಗೆ ಜಾರಿ ಅವಳ ಕೆನ್ನೆಗೆ ಬರುತ್ತಿತ್ತು.

"ಲಾರಿ ಅಲ್ಲೈತೆ," ಎನ್ನುತ್ತಿದ್ದಳು ಅವಳು, ತಿರುಗಿ ನೋಡದೆ.

"ಗಾಳಿ ಜಾಸ್ತಿ ಮೇಡಂ, ಕೈ ಅಲ್ಲಾಡ್ತೈತೆ."

ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಒಂದು ದಿನ ಹೊನ್ನಾಳಿಯಲ್ಲಿ ಹೊಳೆ ಕಾಣುವ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ ಅವಳೇ ಮಾತು ತೆಗೆದಳು. ಮುಚ್ಚಿಡುವುದು ಅವಳಿಗೆ ಆಗದ ಕೆಲಸ.

"ನನಗೆ ಒಂದು ಮದುವೆ ಆಗಿ ಮುರಿದೈತೆ. ನಾನೇ ಬಿಟ್ಟು ಬಂದೆ. ನಿಮಗೆ ಗೊತ್ತಿರಲಿ ಅಂತ ಹೇಳ್ತಿದೀನಿ."

"ಗೊತ್ತು," ಎಂದ ಅವನು ಟೀ ಊದುತ್ತ. "ಚನ್ನಗಿರಿಯಾಗೆ ನಿಮ್ಮ ಸ್ಟುಡಿಯೋ ಎಲ್ಲಿ ಅಂತ ಒಬ್ಬನ್ನ ಕೇಳಿದ್ದೆ. ಅವನು ದಾರಿ ಹೇಳೋಕೆ ಮೊದ್ಲು ಅದನ್ನೇ ಹೇಳಿದ."

ಅವಳ ಮುಖ ಒಂದು ಗಳಿಗೆ ಬಿಗಿಯಿತು. ಆಮೇಲೆ ಕೇಳಿದಳು, "ದಾರಿನಾದ್ರೂ ಸರಿಯಾಗಿ ಹೇಳಿದ್ನಾ?"

"ಇಲ್ಲ. ಅದನ್ನ ತಪ್ಪು ಹೇಳಿದ."

ಅವಳು ನಕ್ಕಳು. ಟೀ ಚೆಲ್ಲುವಷ್ಟು ನಕ್ಕಳು. ನಗು ನಿಂತ ಮೇಲೂ ಅವನು ಅವಳನ್ನೇ ನೋಡುತ್ತಿದ್ದ. ಅವಳು ನೋಡಿದಾಗ ಗಾಬರಿಯಾಗಿ ಹೊಳೆಯನ್ನು ನೋಡಿದ.

ಶ್ರಾವಣ ಬಂತು. ಬಳ್ಳಿ ಬಾನೆಟ್ಟು ದಾಟಿ ಗಾಜಿಲ್ಲದ ಕಿಟಕಿಯೊಳಗೆ ಇಣುಕಿತು. ಮೊಗ್ಗು ಕಾಣಿಸಿದವು ಎಂದು ಕಸ್ತೂರಮ್ಮ ಫೋನು ಮಾಡಿದರು. ಆದರೆ ಶ್ರಾವಣದ ಮದುವೆಗಳು ರೂಪಶ್ರೀಯನ್ನು ಬಿಡಲಿಲ್ಲ. "ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ತೀನಿ," ಎಂದು ರುದ್ರಮುನಿಗೆ ಹೇಳಿದಳು. "ಎಲ್ಲಾ ಲೆನ್ಸು ತರ್ತೀನಿ. ಪ್ರದರ್ಶನದಾಗೆ ಅದೇ ದೊಡ್ಡ ಚಿತ್ರ."

ದೊಡ್ಡ ಚಿತ್ರ. ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಊರೆಲ್ಲ ನೋಡುವ ಚಿತ್ರ, ಅದರಲ್ಲಿ ನಮ್ಮ ಲಾರಿ. ಅವಳಿಗೆ ಏನಾದರೂ ಕೊಡಬೇಕೆಂದು ಅವನಿಗೆ ಬಹಳ ದಿನದಿಂದ ಅನ್ನಿಸುತ್ತಿತ್ತು.

ಅವಳು ಬಂದ ದಿನ ಬಿಸಿಲು ಅವಳು ಬಯಸಿದ ಹಾಗೇ ಇತ್ತು. ಸ್ಕೂಟಿ ನಿಲ್ಲಿಸಿ ಕಣದೊಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಲಾರಿ ಮಿರಿಮಿರಿ ಮಿಂಚುತ್ತಿತ್ತು. ಮೈಗೆಲ್ಲ ಗಿಳಿಹಸಿರು, ಅಂಚಿಗೆ ಕೆಂಪು. ಬಾಗಿಲುಗಳ ಮೇಲೆ ಗರಿಬಿಚ್ಚಿದ ನವಿಲು. ತುಕ್ಕಿನ ಒಂದು ಚೂರೂ ಇರಲಿಲ್ಲ. ಬಳ್ಳಿಯನ್ನು ಕಿತ್ತು ಬೇಲಿಗೆ ಎಸೆದಿದ್ದರು, ಬಾಡಿದ ಮೊಗ್ಗುಗಳ ಸಮೇತ. ಲಾರಿಯ ಹಣೆಯ ಮೇಲೆ, ಹೊಳೆಯುವ ಹಳದಿಯಲ್ಲಿ, ಬಳುಕುವ ಅಕ್ಷರಗಳಲ್ಲಿ ಬರೆದಿತ್ತು: ರೂಪಶ್ರೀ.

ರುದ್ರಮುನಿ ಬ್ರಶ್ ಹಿಡಿದು ನಿಂತಿದ್ದ. ಮುಖದ ತುಂಬ ನಗು. ಹಬ್ಬಕ್ಕೆ ಹೊಸ ಅಂಗಿ ತೊಟ್ಟ ಮಗುವಿನ ನಗು.

ಆದರೆ ಮನೆ ಮುಂದಿನ ಕಟ್ಟೆಯ ಮೇಲೆ ಕಸ್ತೂರಮ್ಮ ಮುಖ ಊದಿಸಿ ಕೂತಿದ್ದರು. "ನ್ಯಾಮತಿ ಸಂತೆಗೆ ಹೋಗಿ ಬರೋದ್ರಾಗೆ ನನ್ನ ಬಳ್ಳಿ ಕಿತ್ತಾಕಿದಾನೆ ಕಣವ್ವಾ." ಪಕ್ಕದಲ್ಲಿ ಮಹೇಶ್ವರಪ್ಪ: "ನಮ್ಮ ಲಾರಿನ ಮದುವೆ ಗಂಡು ಮಾಡಿ ನಿಲ್ಸಿದಾನೆ. ನನ್ನ ಒಂದು ಮಾತು ಕೇಳಿದ್ನಾ? ಹತ್ತಿ ಕೂತ್ರೆ ಪಂಚೆಗೆಲ್ಲ ಬಣ್ಣ."

ರೂಪಶ್ರೀ ಅವರತ್ತ ತಿರುಗಲಿಲ್ಲ. ಹಣೆಯ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದಳು. ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಅವು ಕಾಣುತ್ತಿದ್ದವು.

"ಚೆನ್ನಾಗಿಲ್ವಾ?" ಎಂದ ರುದ್ರಮುನಿ. ನಗು ಅರ್ಧಕ್ಕೆ ನಿಂತಿತ್ತು.

"ಚೆನ್ನಾಗೈತೆ," ಎಂದಳು. "ಆದ್ರೆ ನಿಮಗೆ ಅದು ಇದ್ದಂಗೇ ಸಾಕಾಗಲಿಲ್ಲ, ಅಲ್ವಾ? ಬಳ್ಳಿ ಹೋಯ್ತು, ಚಿತ್ರ ಹೋಯ್ತು, ಹೋಗ್ಲಿ. ಚನ್ನಗಿರಿಯಾಗೆ ನನ್ನ ಹೆಸರು ಎಷ್ಟು ಬಾಯಾಗೆ ಓಡಾಡ್ತೈತೆ ಅಂತ ನಿಮಗೆ ಗೊತ್ತು. ಅದನ್ನ ಲಾರಿ ಮ್ಯಾಲೆ ಬರೆಯೋ ಮುಂಚೆ ನನ್ನ ಒಂದು ಮಾತು ಕೇಳಬೇಕಿತ್ತು."

ಅವಳು ಸ್ಕೂಟಿ ತಿರುಗಿಸಿದಳು.

ಅವಳು ರಸ್ತೆಯ ತಿರುವಿನಲ್ಲಿ ಮರೆಯಾಗುವ ಮೊದಲೇ ರುದ್ರಮುನಿ ಟರ್ಪೆಂಟೈನ್ ಡಬ್ಬ ತೆಗೆದ. ಏಣಿ ಹತ್ತಿ ಒಂದೊಂದೇ ಅಕ್ಷರ ಒರೆಸಿದ. ಅಷ್ಟು ಚೆಂದದ ಅಕ್ಷರ ಅವನು ಜನ್ಮದಲ್ಲಿ ಬರೆದಿರಲಿಲ್ಲ.

ಫೋನು ಮಾಡುವ ಧೈರ್ಯ ಅವನಿಗೆ ಬರಲಿಲ್ಲ. ಅವಳೂ ಮಾಡಲಿಲ್ಲ. ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ವಧುಗಳ ಫೋಟೋ ತಿದ್ದುತ್ತ ಕೂತವಳಿಗೆ ಕಿಟಕಿಯಾಚೆ ಯಾವ ಲಾರಿಯ ಹಾರ್ನ್ ಕೇಳಿದರೂ ಕೈ ನಿಲ್ಲುತ್ತಿತ್ತು. ಅವಳ ತಾಯಿ ಪ್ರೇಮಲತಾ ಊಟದ ಡಬ್ಬಿ ತಂದಿಟ್ಟು, "ಆ ಪೇಂಟರ್ ಜೊತೆ ಜಗಳ ಆಯ್ತಾ?" ಎಂದರು.

"ಯಾವ ಪೇಂಟರ್?"

"ನಿನ್ನ ಗಂಡನ್ನ ಬಿಟ್ಟು ಬಂದಾಗಲೂ ನೀನು ಹೊಟ್ಟೆ ತುಂಬ ಉಂಡಿದ್ದೆ. ಈಗ ಡಬ್ಬಿ ಹಂಗೇ ವಾಪಸ್ ಬರ್ತೈತೆ," ಎಂದು ತಾಯಿ ಹೊರಟುಹೋದರು.

ಒಂದು ಮಧ್ಯಾಹ್ನ ಬಾಗಿಲ ಪರದೆ ಸರಿಯಿತು. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ರುದ್ರಮುನಿ.

"ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು," ಎಂದ.

"ಯಾವುದಕ್ಕೆ?"

"ಯಾವುದಕ್ಕೂ ಅಲ್ಲ. ಗಿರಾಕಿ ಅಂತ ಬಂದ್ರೆ ಹೊರಗೆ ಹಾಕಲ್ಲ ಅನ್ಕೊಂಡೆ."

ಅವಳು ನಗಲಿಲ್ಲ. ಸ್ಟೂಲು ತೋರಿಸಿದಳು. ಅವನು ಕೂತ. ಲೈಟು ಹಾಕಿದಳು. "ಭುಜ ನೆಟ್ಟಗೆ. ಗದ್ದ ಕೆಳಗೆ. ಅಷ್ಟೊಂದು ಬೇಡ." ಕೊನೆಗೆ ತಾನೇ ಬಂದು ಎರಡು ಬೆರಳಲ್ಲಿ ಅವನ ಗದ್ದ ಎತ್ತಿದಳು. ಅವನು ಕಣ್ಣು ಮುಚ್ಚಿಕೊಂಡ.

"ಕಣ್ಣು ತೆಗೀರಿ."

"ತೆಗೆದ್ರೆ ಮಾತು ಬರಲ್ಲ. ಹಿಂಗೇ ಹೇಳ್ತೀನಿ. ನನ್ನದು ತಪ್ಪಾಯ್ತು. ಲಾರಿ ಇದ್ದಂಗೇ ಚೆನ್ನಾಗಿತ್ತು. ನಿಮಗೆ ಏನಾದ್ರೂ ಕೊಡಬೇಕು ಅನ್ನಿಸ್ತು, ನನ್ನ ಕೈಯಾಗೆ ಬ್ರಶ್ ಬಿಟ್ರೆ ಏನೂ ಇರಲಿಲ್ಲ. ಹೆಸರು ಅವತ್ತೇ ಅಳಿಸಿದೀನಿ."

ಅವಳ ಬೆರಳು ಅವನ ಗದ್ದದಿಂದ ಕೂಡಲೇ ಸರಿಯಲಿಲ್ಲ.

"ಜಗಳೂರು ಕಡೆ ಒಂದು ಲಾರಿ ಐತೆ," ಎಂದ ಅವನು, ಇನ್ನೂ ಕಣ್ಣು ಮುಚ್ಚಿಯೇ. "ಮುಚ್ಚಿದ ಎಣ್ಣೆ ಮಿಲ್ಲಿನ ಹಿಂದೆ. ನಮ್ಮದಕ್ಕಿಂತ ಹಳೇದು. ನಾನು ಹತ್ರಕ್ಕೂ ಹೋಗಿಲ್ಲ. ರಸ್ತೆಯಾಗೆ ನಿಂತು ನೋಡಿ ಬಂದೆ. ಅದರ ಮ್ಯಾಲಿನ ಧೂಳು ಸಹ ಹಂಗೇ ಐತೆ."

ಆಗ ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಕಣ್ಣು ತೆರೆದ. ಅವಳು ಓಡಿಹೋಗಿ ಬಟನ್ ಒತ್ತಿದಳು. ಯಾವ ಅರ್ಜಿಗೂ ಹಚ್ಚಲು ಬಾರದ ಫೋಟೋ ಅದು, ಹಲ್ಲೆಲ್ಲ ಕಾಣುತ್ತಿತ್ತು.

ಭಾನುವಾರ ಅವಳು ದಾವಣಗೆರೆಯವರೆಗೆ ಬಸ್ಸಿನಲ್ಲಿ ಬಂದಳು. ಅಲ್ಲಿಂದ ಅವನ ಬೈಕು. ಜಗಳೂರು ಹತ್ತಿರವಾದಂತೆ ಮೆಕ್ಕೆಜೋಳದ ಹೊಲಗಳ ಆಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಗುಂಡಿ ಬಂದಾಗ ಅವಳು ಅವನ ಭುಜ ಹಿಡಿದಳು. ಗುಂಡಿ ಮುಗಿದ ಮೇಲೂ ಬಿಡಲಿಲ್ಲ.

ಲಾರಿ ಅವನು ಹೇಳಿದ ಹಾಗೇ ಇತ್ತು. ಕ್ಯಾಬಿನ್ನಿನೊಳಗೆ ಮರಿ ಹಾಕಿದ ಮೇಕೆಯೊಂದು ಮಲಗಿತ್ತು, ಸ್ಟೇರಿಂಗಿನ ಕೆಳಗೆ ಎರಡು ಎಳೇ ಮುಖ. ರೂಪಶ್ರೀ ಚಪ್ಪಲಿ ಬಿಟ್ಟು ಸದ್ದಿಲ್ಲದೆ ಹತ್ತಿರ ಹೋದಳು. ರುದ್ರಮುನಿ ದೂರದಲ್ಲೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ.

ಸಾಕಾಗುವಷ್ಟು ತೆಗೆದ ಮೇಲೆ ಅವಳು ಕ್ಯಾಮೆರಾ ಕೊರಳಿಗೆ ಬಿಟ್ಟುಕೊಂಡಳು. ಪ್ರದರ್ಶನದ ದೊಡ್ಡ ಚಿತ್ರ ಸಿಕ್ಕಿತ್ತು. "ಯಾಕೆ ಅಷ್ಟು ದೂರ?"

"ಏನಾದ್ರೂ ಕೆಡಿಸ್ತೀನಿ ಅಂತ ಭಯ."

"ಬರ್ರಿ."

ಅವನು ಬಂದ. ಬೈಕಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. ಉಳಿದದ್ದನ್ನು ಹೇಳಿದ.

"ನನಗೆ ನೀವಂದ್ರೆ ಬಾಳ ಇಷ್ಟ. ಮೊದ್ಲೇ ಕೇಳಬೇಕಿತ್ತು ಅಂದ್ರಲ್ಲ, ಅದಕ್ಕೆ ಕೇಳ್ತಿದೀನಿ. ನಿಮ್ಮ ಹೆಸರಿನ ಪಕ್ಕದಾಗೆ ನನ್ನ ಹೆಸರು ಬರೀಲಾ?"

ಅವಳು ಅವನ ಮುಖ ನೋಡಿದಳು. ಕಿವಿಯ ಹಿಂದೆ, ಎಷ್ಟು ತೊಳೆದರೂ ಹೋಗದ ಒಂದು ಹನಿ ಗಿಳಿಹಸಿರು ಉಳಿದಿತ್ತು. ಮುರಿದುಹೋದ ಆ ಮದುವೆಯಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆದರೆ ಎದುರಿಗಿದ್ದವನು ಉತ್ತರಕ್ಕೆ ಅವಸರ ಮಾಡದೆ ನಿಂತಿದ್ದ. ಮೇಕೆಯ ಮರಿ ಒಂದು ಬಂದು ಅವನ ಚಪ್ಪಲಿ ಮೂಸಿದರೂ ಅಲುಗಲಿಲ್ಲ.

"ಲಾರಿ ಮ್ಯಾಲೆ ಮಾತ್ರ ಬೇಡ," ಎಂದಳು.

"ಮತ್ತೆ ಎಲ್ಲಿ?"

"ಲಗ್ನಪತ್ರಿಕೆ ಮ್ಯಾಲೆ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನು ನಕ್ಕ ಸದ್ದಿಗೆ ಮೇಕೆ ಎದ್ದು ನಿಂತಿತು.

ಜಗಳೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಇಬ್ಬರೂ ಒಂದೇ ಪೇಪರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದರು. ಅವಳಿಗೆ ಖಾರ ಹತ್ತಿ ಕಣ್ಣಲ್ಲಿ ನೀರು ಬಂತು. ಅವನು ನೀರಿನ ಬಾಟಲಿ ಹುಡುಕುತ್ತ ಎದ್ದಾಗ ಅವಳು ಅಂಗಿಯ ತುದಿ ಹಿಡಿದು ಕೂರಿಸಿದಳು.

"ಮನೆಗೆ ಯಾವಾಗ ಬರ್ತೀರಿ, ಅಪ್ಪ ಅಮ್ಮನ್ನ ಕರ್ಕೊಂಡು?"

"ಬರೋ ಭಾನುವಾರ?"

"ಭಾನುವಾರ ಬೇಡ," ಎಂದಳು ರೂಪಶ್ರೀ, ಕಣ್ಣೊರೆಸಿಕೊಂಡು. "ಭಾನುವಾರ ನಾವಿಬ್ರೂ ಊರಾಗೆ ಇರಲ್ಲ. ಸೋಮವಾರ ಬರ್ರಿ."