ಏಳನೆಯ ಕತೆಯ ಕೊನೆಯ ಹಾಳೆ

ಮಂಗಳವಾರ ಬೆಳಿಗ್ಗೆ 10.40ಕ್ಕೆ ಗ್ರಂಥಪಾಲಕಿ ಠಾಣೆಗೆ ಬಂದು ಮೇಜಿನ ಮೇಲೆ ಮೂರು ಪುಸ್ತಕಗಳನ್ನಿಟ್ಟರು. ಮೂರೂ ಒಂದೇ ಪುಸ್ತಕದ ಪ್ರತಿಗಳು. ಹದಿಮೂರು ಭಯದ ಕತೆಗಳ ಹೊಸ ಸಂಕಲನ. ಮೂರರಲ್ಲೂ ಏಳನೆಯ ಕತೆಯ ಕೊನೆಯ ಹಾಳೆಯನ್ನು ಯಾರೋ ಕತ್ತರಿಸಿದ್ದರು.

“ಒಂದು ಹಾಳೆಗೆ ಎಫ್‌ಐಆರಾ ಮೇಡಂ?” ಎಂದರು ದಫೇದಾರರು.

“ನಿಮ್ಮ ಕೇಸ್ ಫೈಲಿಂದ ಒಂದು ಹಾಳೆ ಹೋದ್ರೆ ಸುಮ್ನಿರ್ತೀರಾ?”

11.15ಕ್ಕೆ ಎಫ್‌ಐಆರ್ ದಾಖಲಾಯಿತು. ತನಿಖೆಯ ನೆಪದಲ್ಲಿ ಇನ್ಸ್‌ಪೆಕ್ಟರ್ ಒಂದು ಪ್ರತಿ ಓದಲು ಕುಳಿತರು, ದಫೇದಾರರು ಇನ್ನೊಂದು.

ಇನ್ಸ್‌ಪೆಕ್ಟರರಿಗೆ ಕತೆಗಳೆಂದರೆ ಅಷ್ಟಕ್ಕಷ್ಟೆ. ಆದರೆ ದರ್ಜಿಯ ಬಳಿ ಹೋದಾಗಲೆಲ್ಲ ಅಳತೆಯಲ್ಲಿ ಒಂದು ಬೆರಳು ಕಡಿಮೆಯಾಗುವ ಗಿರಾಕಿಯ ಕತೆ ಅವರನ್ನು ಕುರ್ಚಿಯಿಂದ ಏಳಗೊಡಲಿಲ್ಲ. ರಕ್ತವಿಲ್ಲ, ಕಿರುಚಾಟವಿಲ್ಲ. ಎಷ್ಟು ಗಂಟೆ, ಎಲ್ಲಿ, ಯಾರು ಎಲ್ಲಿ ನಿಂತಿದ್ದರು ಎಂದು ಒಳ್ಳೆಯ ಪಂಚನಾಮೆಯ ಹಾಗೆ ಬರೆದುಕೊಂಡು ಹೋಗುತ್ತಿದ್ದ ಈ ಕತೆಗಾರ; ಓದುವವನಿಗೆ ಬೆವರುತ್ತಿತ್ತು. ಇಲ್ಲದ ಮಹಡಿಯಲ್ಲಿ ನಿಲ್ಲುವ ಲಿಫ್ಟಿನ ಕತೆ ಓದಿದ ದಫೇದಾರರು ಮರುದಿನದಿಂದ ಮೆಟ್ಟಿಲು ಹತ್ತತೊಡಗಿದರು. ಕೇಳಿದರೆ, “ಮೊಣಕಾಲಿಗೆ ಒಳ್ಳೇದು ಸಾರ್,” ಎಂದರು.

ಏಳನೆಯ ಕತೆಯಲ್ಲಿ, ತೀರಿಕೊಂಡ ಮಗಳು ಶಾಲೆ ಬಿಡುವ ಹೊತ್ತಿಗೆ ದಿನವೂ ಬಂದು ಬಾಗಿಲು ತಟ್ಟುತ್ತಾಳೆ. ತಾಯಿ ಚಿಲಕಕ್ಕೆ ಕೈ ಇಡುತ್ತಾಳೆ. ಅಲ್ಲಿಗೆ ಹಾಳೆ ಇಲ್ಲ. ಇನ್ಸ್‌ಪೆಕ್ಟರರಿಗೆ ನಿಜಕ್ಕೂ ಸಿಟ್ಟು ಬಂತು.

ಗ್ರಂಥಾಲಯದ ಸಲಹಾ ಪುಸ್ತಕದಲ್ಲಿ ‘ಇದನ್ನು ಸುಡಬೇಕು’ ಎಂದು ಬರೆದಿದ್ದ ನಿವೃತ್ತ ಹೆಡ್‌ಮಾಸ್ತರರನ್ನು ಬುಧವಾರ ಕರೆಸಲಾಯಿತು.

“ಕತ್ತರಿಸಿದ್ದು ನೀವಾ?”

“ಸುಡ್ಬೇಕು ಅಂದೋನು ಒಂದು ಹಾಳೆಗೆ ಸುಮ್ನಾಗ್ತೀನಾ?”

“ಪೂರ್ತಿ ಓದಿದ್ರಾ?”

“ಎರಡು ಸಲ.”

ಗುರುವಾರ ಪ್ರಕಾಶಕರಿಂದ ಹೊಸ ಪ್ರತಿ ಬಂತು. ಇನ್ಸ್‌ಪೆಕ್ಟರ್ ಮೊದಲು ಆ ಹಾಳೆಯನ್ನೇ ತೆಗೆದರು. ತಾಯಿ ಬಾಗಿಲು ತೆರೆದು ಮಗಳ ಕೈ ಹಿಡಿದು ಹೊರಟುಹೋಗುತ್ತಾಳೆ. ಮತ್ತೆ ಬರುವುದಿಲ್ಲ.

ಹೊಸದರ ಪಕ್ಕದಲ್ಲಿ ಹಳೆಯದನ್ನಿಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಕತ್ತರಿಸಿದರೆ, ದಾರದ ಆಚೆಗಿರುವ ಅದರ ಜೋಡಿ ಹಾಳೆ ಸಡಿಲವಾಗಿ ಉದುರುತ್ತದೆ. ಇಲ್ಲಿ ಉದುರಿರಲಿಲ್ಲ. ಮೂರು ಪ್ರತಿಗಳಲ್ಲೂ ಆ ಜೋಡಿ ಹಾಳೆಗೆ ತೆಳು ಕಾಗದದ ಪಟ್ಟಿ ಹಚ್ಚಿ ಅಂದವಾಗಿ ಅಂಟಿಸಲಾಗಿತ್ತು.

“ಹಾಳುಮಾಡಿದೋನು ರಿಪೇರಿ ಯಾಕೆ ಮಾಡ್ದ ಮೇಡಂ?” ಎಂದು ಇನ್ಸ್‌ಪೆಕ್ಟರ್ ಗ್ರಂಥಾಲಯಕ್ಕೇ ಹೋಗಿ ಕೇಳಿದರು.

ಗ್ರಂಥಪಾಲಕಿಯ ಮುಖ ಸಪ್ಪಗಾಯಿತು. “ನಮ್ಮ ಬೈಂಡರ್ ಅಂಟಿಸೋದು ಹೀಗೇ,” ಎಂದರು.

ಹರಿದ ಪುಸ್ತಕಗಳನ್ನು ಸರಿಮಾಡಲು ಬೈಂಡರ್ ವಾರಕ್ಕೊಮ್ಮೆ ಗ್ರಂಥಾಲಯದ ಹಿಂದಿನ ಕೋಣೆಗೆ ಬರುತ್ತಿದ್ದರು. ಶುಕ್ರವಾರ 3.20ಕ್ಕೆ ಅಲ್ಲೇ ವಿಚಾರಣೆ ನಡೆಯಿತು.

“ನೀವೇ ಕತ್ತರಿಸಿದ್ದಾ?”

“ಹೌದು ಸಾರ್.”

“ಅಂಟಿಸಿದ್ದು ಯಾಕೆ?”

“ಜೋಡಿ ಹಾಳೆ ಬಿದ್ದುಹೋಗ್ತಿತ್ತು. ಹಾಗೇ ಬಿಡೋಕೆ ಕೈ ಬರ್ಲಿಲ್ಲ.”

ಅವರ ಒಂಬತ್ತು ವರ್ಷದ ಮಗಳು ಎರಡು ವರ್ಷಗಳ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದಳು. ಕಳೆದ ತಿಂಗಳು ಹೆಂಡತಿ ಇದೇ ಪುಸ್ತಕ ತಂದು, ಊಟದ ಹೊತ್ತಿನಲ್ಲಿ ಆ ಕತೆ ಹೇಳಿದ್ದರು. ಕೊನೆಯನ್ನು ಇನ್ನೂ ಓದಿಲ್ಲ ಎಂದಿದ್ದರು. ಮರುದಿನ ಬೈಂಡರ್ ತಾವೇ ಓದಿ ನೋಡಿದರು.

“ಅವಳು ಅದನ್ನ ಓದಿದ್ರೆ ಹೊರಟುಬಿಡ್ತಾಳೆ ಸಾರ್. ಒಂದರಲ್ಲಿ ಇಲ್ಲ ಅಂದ್ರೆ ಇನ್ನೊಂದು ಪ್ರತಿ ತರ್ತಾಳೆ. ಅದಕ್ಕೇ ಮೂರನ್ನೂ ಕತ್ತರಿಸ್ದೆ.”

4.05ಕ್ಕೆ ಅವರ ಮನೆಯಲ್ಲಿ ನೆರೆಯ ಇಬ್ಬರ ಸಮಕ್ಷಮದಲ್ಲಿ ಪಂಚನಾಮೆ ನಡೆಯಿತು. ಎರಡು ರಟ್ಟುಗಳ ನಡುವೆ ಮೂರೂ ಹಾಳೆಗಳು ಸುಕ್ಕಿಲ್ಲದೆ ಸಿಕ್ಕವು. ಬೈಂಡರರ ಹೆಂಡತಿ ಅವನ್ನು ನೋಡಿದರು, ಗಂಡನನ್ನು ನೋಡಿದರು.

“ನಾನು ಕೊನೆವರೆಗೂ ಓದಿದ್ದೆ. ನೀವು ಹೆದರ್ತೀರ ಅಂತ ಓದಿಲ್ಲ ಅಂದೆ.”

ಬೈಂಡರ್ ಗೋಡೆಗೆ ಕೈ ಕೊಟ್ಟು ನಿಂತರು.

ತನಿಖೆಗೆ ಬೇಕಿಲ್ಲದ ಪ್ರಶ್ನೆಯೊಂದನ್ನು ಇನ್ಸ್‌ಪೆಕ್ಟರ್ ಕೇಳಿದರು. “ನಿಮಗೂ ಹೋಗ್ಬೇಕು ಅನ್ನಿಸ್ತಾ ಅಮ್ಮಾ?”

“ಅನ್ನಿಸ್ತು. ಆದ್ರೆ ಹಾಳೆಯ ಆಚೆ ಬದಿಯಲ್ಲಿ ಅವಳ ಗಂಡ ಸಂಜೆ ಕೆಲಸದಿಂದ ಬರ್ತಾನೆ ಸಾರ್. ಬಾಗಿಲು ಹಾರುಹೊಡೆದಿರುತ್ತೆ. ಕೋಣೆ ಕೋಣೆಗೂ ಹೋಗಿ ಹೆಸರು ಹಿಡಿದು ಕೂಗ್ತಾನೆ. ಅದನ್ನ ಓದಿದ ಮೇಲೆ ಹೋಗೋಕಾಗ್ಲಿಲ್ಲ.”

4.30ಕ್ಕೆ ಬಂಧನ ದಾಖಲಾಯಿತು. 5.50ಕ್ಕೆ ಠಾಣಾ ಜಾಮೀನು. ಗ್ರಂಥಪಾಲಕಿಯೇ ಜಾಮೀನಿಗೆ ಸಹಿ ಹಾಕಿದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ ಬರೆದದ್ದು ಇಷ್ಟೇ: ಆರೋಪಿಗೆ ಹೆಂಡತಿಯನ್ನು ಕಳೆದುಕೊಳ್ಳುವ ಭಯವಿತ್ತು.